85 ಕಿ.ಮೀ. ವೇಗದಲ್ಲಿ ನೆಲದಡಿಯ ನಡುಕ: ಎಂಜಿನ್ನೋ, ಶಾಫ್ಟೋ, ಚಕ್ರವೋ?

ಹಳೆಯ ಸೆಡಾನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 1960ರ ದಶಕದ ನನ್ನ ಸೆಡಾನ್ ಕಾರು ಗಂಟೆಗೆ 75 ಕಿ.ಮೀ. ದಾಟುತ್ತಿದ್ದಂತೆ ನೆಲದ ಕೆಳಗಿನಿಂದ ಸಣ್ಣದೊಂದು ನಡುಕ ಶುರುವಾಗುತ್ತದೆ. 85ರ ಹೊತ್ತಿಗೆ ಅದು ಸೀಟಿನಲ್ಲೂ ಗೇರ್ ಲಿವರ್‌ನಲ್ಲೂ ಚೆನ್ನಾಗಿ ಗೊತ್ತಾಗುವಷ್ಟು ಬಲಿತು, ಹಿನ್ನೋಟದ ಕನ್ನಡಿಯಲ್ಲಿ ಕಾಣುವುದೆಲ್ಲ ಮಸುಕಾಗುತ್ತದೆ. 100ರ ಬಳಿ ಸ್ವಲ್ಪ ಇಳಿದಂತೆ ಅನ್ನಿಸುತ್ತದೆ. ಸ್ಟಿಯರಿಂಗ್ ಮಾತ್ರ ಬಹುಮಟ್ಟಿಗೆ ಅಲುಗಾಡದೆ ಇರುತ್ತದೆ. ಇದಲ್ಲದೆ, ನಿಂತ ಗಾಡಿಯನ್ನು ಮೊದಲ ಗೇರಿನಲ್ಲಿ ಹೊರಡಿಸುವಾಗ ಬೇರೆ ಬಗೆಯ ಒಂದು ಅದುರುವಿಕೆಯೂ ಇದೆ. ಅದು ಕ್ಷಣಕಾಲ ಬಂದು ಹೋಗುತ್ತದೆ.

ಗಾಡಿಯ ವಿವರ ಹೀಗಿದೆ: ಮುಂದೆ ನಾಲ್ಕು ಸಿಲಿಂಡರಿನ ಎಂಜಿನ್, ನಾಲ್ಕು ಗೇರು, ಟಾಪ್ ಗೇರ್ ನೇರ ಚಾಲನೆ, ಮೂರನೆಯ ಗೇರಿನ ಅನುಪಾತ 1.4; ಎರಡು ತುದಿಗೂ ಯೂನಿವರ್ಸಲ್ ಜಾಯಿಂಟ್ (ಓರೆಯಲ್ಲೂ ತಿರುಗಬಲ್ಲ ಕೀಲು) ಇರುವ ಒಂದೇ ತುಂಡಿನ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಕೊಳವೆ); 4.1 ಅನುಪಾತದ ಡಿಫರೆನ್ಷಿಯಲ್ (ಆಕ್ಸಲ್‌ನ ಗೇರು ಜೋಡಣೆ; ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.1 ಸುತ್ತು). ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮೇಲೆ ಕೂತ ಗಟ್ಟಿ ಆಕ್ಸಲ್. ಈಚೆಗೆ ಒಂದೇ ಸುತ್ತಿನ ಕೆಲಸದಲ್ಲಿ ಹಿಂದಿನ ಸ್ಪ್ರಿಂಗ್‌ಗಳಿಗೆ ಹೊಸದಾಗಿ ಕಮಾನು ಕೊಡಿಸಿ, ಎರಡೂ ಯೂನಿವರ್ಸಲ್ ಜಾಯಿಂಟ್‌ಗಳನ್ನು ವರ್ಕ್‌ಶಾಪಿನಲ್ಲಿ ಬದಲಾಯಿಸಲಾಯಿತು. ಅದಕ್ಕೆ ಮೊದಲು ಈ ನಡುಕ ಇರಲಿಲ್ಲ. ನಾಲ್ಕೂ ಚಕ್ರಗಳ ಬ್ಯಾಲೆನ್ಸಿಂಗ್ ಆಗಿದೆ.

ಗೇರ್‌ಬಾಕ್ಸ್ ಮೌಂಟಿಂಗ್ ಬದಲಿಸಿ ಎಂದು ಒಬ್ಬರು, ಡಿಫರೆನ್ಷಿಯಲ್ ಬಿಚ್ಚಿಸಿ ಎಂದು ಇನ್ನೊಬ್ಬರು, ಶಾಫ್ಟನ್ನೇ ಹೊಸದಾಗಿ ಹಾಕಿಸಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಒಂದೊಂದೇ ಭಾಗವನ್ನು ಬದಲಿಸುತ್ತ ಹೋಗುವುದಕ್ಕಿಂತ, ದೋಷ ಎಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವ ಕ್ರಮವೇನು ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ತಿರುಗುಲೆಕ್ಕ

ಸ್ಪ್ಯಾನರ್ ಹಿಡಿಯುವ ಮೊದಲು ಲೆಕ್ಕ ಹಾಕಿಕೊಳ್ಳಿ. ಗಾಡಿಯಲ್ಲಿ ತಿರುಗುವ ಪ್ರತಿಯೊಂದು ಭಾಗಕ್ಕೂ ಆಯಾ ವೇಗದಲ್ಲಿ ಅದರದೇ ಆದ ಒಂದು ಸಂಖ್ಯೆ ಇರುತ್ತದೆ. ನಡುಕ ಸೆಕೆಂಡಿಗೆ ಎಷ್ಟು ಸಲ ಆಗುತ್ತಿದೆ ಎಂಬುದು ಗೊತ್ತಾದರೆ ಅರ್ಧದಷ್ಟು ಶಂಕಿತರು ಅಲ್ಲಿಗೇ ಬಿಟ್ಟುಹೋಗುತ್ತಾರೆ. ನಿಮ್ಮ ಟೈರು ಒಂದು ಸುತ್ತಿಗೆ ಸುಮಾರು 1.95 ಮೀಟರ್ ಉರುಳುತ್ತದೆ ಎಂದಿಟ್ಟುಕೊಳ್ಳೋಣ. (ಟೈರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಡಿಯನ್ನು ಒಂದು ಸುತ್ತು ತಳ್ಳಿ ನೀವೇ ಅಳೆದುಕೊಂಡರೆ ಇನ್ನೂ ಒಳ್ಳೆಯದು.) ಗಂಟೆಗೆ 85 ಕಿ.ಮೀ. ಎಂದರೆ ಸೆಕೆಂಡಿಗೆ 23.6 ಮೀಟರ್. ಹಾಗಾಗಿ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಅದನ್ನು 4.1ರಿಂದ ಗುಣಿಸಿದರೆ ಪ್ರೊಪೆಲ್ಲರ್ ಶಾಫ್ಟ್ ಸುಮಾರು 50 ಸುತ್ತು, ಅಂದರೆ ನಿಮಿಷಕ್ಕೆ 3000ಕ್ಕೆ ತುಸು ಕಡಿಮೆ. ಯೂನಿವರ್ಸಲ್ ಜಾಯಿಂಟಿನ ಕೋನದಿಂದ ಹುಟ್ಟುವ ನಡುಕ ಶಾಫ್ಟಿನ ಪ್ರತಿ ಸುತ್ತಿಗೆ ಎರಡು ಸಲ ಬರುವುದರಿಂದ ಅದರ ಸಂಖ್ಯೆ 100. ಒಟ್ಟಿನಲ್ಲಿ 12 ಕಂಡರೆ ಚಕ್ರ, ಟೈರು, ಬ್ರೇಕ್ ಡ್ರಮ್ ಅಥವಾ ಆಕ್ಸಲ್ ಶಾಫ್ಟ್. 50 ಕಂಡರೆ ಪ್ರೊಪೆಲ್ಲರ್ ಶಾಫ್ಟಿನ ಅಸಮತೋಲ ಅಥವಾ ಓರೆ. 100 ಕಂಡರೆ ಜಾಯಿಂಟಿನ ಕೋನ.

ಇಲ್ಲೊಂದು ತೊಡಕಿದೆ, ಬಹಳ ಮಂದಿ ಎಡವುವುದು ಇಲ್ಲಿಯೇ. ನಿಮ್ಮ ಟಾಪ್ ಗೇರ್ ನೇರ ಚಾಲನೆಯದಾದ್ದರಿಂದ ಆ ಗೇರಿನಲ್ಲಿ ಎಂಜಿನ್ ಮತ್ತು ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಎಂಜಿನ್ನಿನ ಜೊತೆಗೇ ತಿರುಗುವ ಫ್ಲೈವೀಲ್ ಅಥವಾ ಕ್ಲಚ್ ಕವರಿನ ಅಸಮತೋಲವೂ ಆಗ 50 ಎಂದೇ ತೋರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಹುಟ್ಟಿನಿಂದಲೇ ಬಂದ, ಸುತ್ತಿಗೆ ಎರಡು ಸಲದ ಅದುರುವಿಕೆಯೂ 100 ಎಂದೇ ತೋರಿ ಜಾಯಿಂಟಿನ ಕೋನದ ವೇಷ ಹಾಕುತ್ತದೆ. ಆದ್ದರಿಂದ ಟಾಪ್ ಗೇರಿನಲ್ಲಿ ಮಾತ್ರ ಓಡಿಸಿ ನೋಡಿ ತೀರ್ಮಾನಕ್ಕೆ ಬರಬೇಡಿ.

ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ 85ರ ವೇಗದಲ್ಲೇ ಮೂರನೆಯ ಗೇರಿಗೆ ಬನ್ನಿ. ಎಂಜಿನ್ ಈಗ ಸೆಕೆಂಡಿಗೆ 70 ಸುತ್ತು, ಅಂದರೆ ನಿಮಿಷಕ್ಕೆ ಸುಮಾರು 4200 ತಿರುಗುತ್ತಿರುತ್ತದೆ. ಶಾಫ್ಟ್ ಮಾತ್ರ 50ರಲ್ಲೇ ಇರುತ್ತದೆ. ನಡುಕ 50ರಲ್ಲೇ ಉಳಿದರೆ ಎಂಜಿನ್ ನಿರಪರಾಧಿ. ಬಳಿಕ 95ರವರೆಗೆ ಹೋಗಿ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆರಿಸದೆ ಗಾಡಿಯನ್ನು ತಾನಾಗಿ ಇಳಿಯಲು ಬಿಡಿ. 85ರ ಬಳಿ ನಡುಕ ಮೊದಲಿನಷ್ಟೇ ಬಂದರೆ ದೋಷ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನಿಂದ ಹಿಂದಕ್ಕೆ ಇದೆ ಎಂದೂ, ಅದು ಎಳೆತದ ಭಾರವನ್ನು ಅವಲಂಬಿಸಿಲ್ಲ ಎಂದೂ ತಿಳಿಯುತ್ತದೆ. ಕೊನೆಗೆ ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು 3000ದ ಆಸುಪಾಸಿಗೆ ಏರಿಸಿ ನೋಡಿ. ಅಲ್ಲಿಯೂ ನಡುಕ ಕಂಡರೆ ಕ್ಲಚ್ ಒತ್ತಿದಾಗ ಬದಲಾಗುತ್ತದೆಯೇ ಎಂದು ಗಮನಿಸಿ.

ಸಂಖ್ಯೆಯನ್ನು ಅಳೆಯಲು ಮೊಬೈಲ್ ಫೋನಿನ ಕಂಪನ ಅಳೆಯುವ ಆ್ಯಪ್ ಸಾಕು. ಫೋನನ್ನು ಸೀಟಿನ ಮೇಲಿಡದೆ, ಸೀಟಿನ ಹಳಿಗೋ ಗೇರ್‌ಬಾಕ್ಸ್ ಟನಲ್‌ನ ಲೋಹಕ್ಕೋ ಭದ್ರವಾಗಿ ಅಂಟಿಸಿ, ಓದುವ ಕೆಲಸವನ್ನು ಜೊತೆಗಿರುವವರಿಗೆ ಬಿಡಿ. ಆ್ಯಪ್ ಸೆಕೆಂಡಿಗೆ ಎಷ್ಟು ಸಲ ಮಾದರಿ ತೆಗೆದುಕೊಳ್ಳುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. 100ರ ಕಂಪನವನ್ನು ಹಿಡಿಯಬೇಕಾದರೆ 200ಕ್ಕಿಂತ ಹೆಚ್ಚು ಮಾದರಿ ಬೇಕು. ಕಡಿಮೆಯಿದ್ದರೆ ಇಲ್ಲದ ಸಂಖ್ಯೆಯೊಂದನ್ನು ಅದು ತೋರಿಸಿಬಿಡುತ್ತದೆ.

ಎಲೆಸ್ಪ್ರಿಂಗ್

ತಿರುಗುಲೆಕ್ಕ ಅವರ ಕ್ರಮಕ್ಕೆ ನನ್ನ ತಕರಾರಿಲ್ಲ. ಆದರೆ ಸ್ಪ್ರಿಂಗಿಗೆ ಹೊಸ ಕಮಾನು ಕೊಡಿಸಿದ್ದೀರಿ ಎಂದು ಓದಿದ ಕೂಡಲೇ ನನ್ನ ಅನುಮಾನ ಕೋನದ ಮೇಲೆ ಹೋಯಿತು. ಕಮಾನು ಹೆಚ್ಚಾದರೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ಶಾಫ್ಟಿನ ಇಳಿಜಾರು ಹೆಚ್ಚುತ್ತದೆ, ಸ್ಪ್ರಿಂಗಿಗೆ ಬಿಗಿದ ಆಕ್ಸಲ್‌ನ ಪಿನಿಯನ್ ಮೂತಿಯೂ (ಶಾಫ್ಟ್ ಬಂದು ಸೇರುವ, ಡಿಫರೆನ್ಷಿಯಲ್‌ನ ಮುಂಚಾಚು) ತನ್ನ ಹಳೆಯ ಓರೆಯನ್ನು ಬಿಟ್ಟು ಬೇರೆ ಓರೆಗೆ ಹೋಗಬಹುದು.

ಯೂನಿವರ್ಸಲ್ ಜಾಯಿಂಟಿನ ಸ್ವಭಾವವೇ ಹಾಗೆ. ಮುಂದಿನ ಶಾಫ್ಟ್ ಒಂದೇ ಸಮನೆ ತಿರುಗುತ್ತಿದ್ದರೂ, ಜಾಯಿಂಟ್ ಕೋನದಲ್ಲಿದ್ದಾಗ ಹಿಂದಿನದು ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. 3 ಡಿಗ್ರಿಯಲ್ಲಿ ಈ ಏರಿಳಿತ ಶೇ. 0.14ರಷ್ಟು ಮಾತ್ರ, 10 ಡಿಗ್ರಿಯಲ್ಲಿ ಶೇ. 1.5. ಎರಡನೆಯ ಜಾಯಿಂಟ್ ಇರುವುದು ಮೊದಲನೆಯದರ ಏರಿಳಿತವನ್ನು ಅಳಿಸಿಹಾಕುವುದಕ್ಕೆ. ಆದರೆ ಎರಡು ಷರತ್ತು ಕೂಡಿ ಬಂದರೆ ಮಾತ್ರ ಅದು ಸಾಧ್ಯ: ಶಾಫ್ಟಿನ ಎರಡು ತುದಿಯ ಯೋಕ್‌ಗಳು (ಜಾಯಿಂಟನ್ನು ಹಿಡಿಯುವ ಕವಲುಗಳು) ಒಂದೇ ಸಮತಲದಲ್ಲಿರಬೇಕು ಮತ್ತು ಎರಡೂ ಜಾಯಿಂಟ್‌ಗಳ ಕೋನ ಹೆಚ್ಚು ಕಡಿಮೆ ಸಮನಾಗಿರಬೇಕು. ನಿಮ್ಮ ಶಾಫ್ಟಿನಲ್ಲಿ ಜಾರುವ ಸ್ಪ್ಲೈನ್ (ಉದ್ದುದ್ದ ಹಲ್ಲುಗಳ ಜೋಡಣೆ) ನಡುವೆಯೇ ಇದ್ದರೆ, ಅದನ್ನು ಕಳಚಿ ಮತ್ತೆ ಸೇರಿಸುವಾಗ ಹಲ್ಲು ತಪ್ಪಿ ಕೂಡಿಸಿದ್ದಾರೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ. ಸಾಮಾನ್ಯವಾಗಿ ಎರಡೂ ಕಡೆ ಬಾಣದ ಗುರುತು ಇರುತ್ತದೆ, ಗ್ರೀಸ್ ಒರೆಸಿದರೆ ಕಾಣಿಸುತ್ತದೆ.

ಅಳತೆಯನ್ನು ಚಕ್ರಗಳು ನೆಲದ ಮೇಲಿದ್ದಾಗಲೇ ತೆಗೆಯಿರಿ. ಗಾಡಿಯ ಮೈಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಜೋತುಬಿದ್ದಿರುವಾಗ ತೆಗೆದ ಅಳತೆಗೆ ಬೆಲೆಯಿಲ್ಲ. ಗೇರ್‌ಬಾಕ್ಸಿನ ಔಟ್‌ಪುಟ್, ಶಾಫ್ಟಿನ ಕೊಳವೆ, ಪಿನಿಯನ್ ಫ್ಲ್ಯಾಂಜಿನ (ಶಾಫ್ಟನ್ನು ಬೋಲ್ಟ್ ಹಾಕಿ ಬಿಗಿಯುವ ಬಿಲ್ಲೆಯ) ಮುಖ, ಈ ಮೂರರ ಓರೆಯನ್ನು ಕೋನಮಾಪಕದಿಂದ ಗುರುತು ಮಾಡಿಕೊಳ್ಳಿ. ಪ್ರತಿ ಜಾಯಿಂಟಿನ ಕೋನ 3 ಡಿಗ್ರಿಯೊಳಗಿದ್ದರೆ, ಎರಡರ ನಡುವಿನ ಅಂತರ 1 ಡಿಗ್ರಿ ಮೀರದಿದ್ದರೆ ನಿಶ್ಚಿಂತೆ. ಕೋನ ಸೊನ್ನೆಯಾದರೂ ಒಳ್ಳೆಯದಲ್ಲ. ಜಾಯಿಂಟಿನೊಳಗಿನ ನೀಡಲ್ ರೋಲರ್‌ಗಳು (ಸೂಜಿಯಂಥ ಉರುಳೆಗಳು) ಉರುಳದೆ ನಿಂತಲ್ಲೇ ನಿಂತು ಕ್ರಾಸ್‌ನ (ಜಾಯಿಂಟಿನ ನಡುವಿನ ನಾಲ್ಕು ತೋಳಿನ ತುಂಡಿನ) ಮೇಲೆ ಗೀರು ಕೊರೆಯುತ್ತವೆ.

ಟೈರು ಟ್ಯೂಬು

ಬ್ಯಾಲೆನ್ಸಿಂಗ್ ಆದ ಮಾತ್ರಕ್ಕೆ ಟೈರುಗಳನ್ನು ಬಿಟ್ಟುಬಿಡಬೇಡಿ. ಬಹುಕಾಲ ನಿಂತ ಗಾಡಿಯ ಟೈರು ಒಂದು ಕಡೆ ಚಪ್ಪಟೆಯಾಗಿರುತ್ತದೆ, ಅದನ್ನು ಬ್ಯಾಲೆನ್ಸಿಂಗ್ ಯಂತ್ರ ಹಿಡಿಯುವುದಿಲ್ಲ. ಮೊದಲ ಕೆಲವು ಕಿ.ಮೀ.ಗಳಲ್ಲಿ ಜೋರಾಗಿದ್ದು, ಟೈರು ಬಿಸಿಯೇರಿದಂತೆ ಇಳಿಯುವ ನಡುಕವಾದರೆ ಅದು ಟೈರಿನದೇ.

ಗ್ರೀಸ್ ಕೈ

ಮೇಲಿನ ಎಲ್ಲವೂ ಸರಿ, ಆದರೆ ನನ್ನ ಅನುಭವದ ಒಲವು ಬೇರೆ. ಗಾಡಿಗೆ ಕೊನೆಯದಾಗಿ ಎಲ್ಲಿ ಕೈ ಹಾಕಿದ್ದಾರೋ ಅಲ್ಲಿಂದಲೇ ಹುಡುಕಬೇಕು, ಹೊಸ ಭಾಗ ಹಾಕಿದೆ ಎಂಬ ಕಾರಣಕ್ಕೆ ಆ ಜಾಗವನ್ನು ನಿರ್ದೋಷಿ ಎಂದು ಬಿಟ್ಟುಬಿಡಬಾರದು.

ಯೂನಿವರ್ಸಲ್ ಜಾಯಿಂಟಿನ ಕ್ರಾಸ್ ಅನ್ನು ಯೋಕ್‌ನ ಎರಡು ಕಿವಿಗಳ ನಡುವೆ ಮಧ್ಯಕ್ಕೆ ನಿಲ್ಲಿಸುವುದು ಎರಡು ಬದಿಯ ಸರ್ಕ್ಲಿಪ್‌ಗಳು (ಕಚ್ಚಿನಲ್ಲಿ ಕೂತು ಹಿಡಿಯುವ ಉಂಗುರಗಳು). ಅದಕ್ಕಾಗಿಯೇ ಅವು ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ. ಒಂದು ಬದಿಗೆ ದಪ್ಪದ್ದು, ಇನ್ನೊಂದು ಬದಿಗೆ ತೆಳುವಾದದ್ದು ಬಿದ್ದರೆ ಜಾಯಿಂಟ್ ಸಡಿಲವೂ ಆಗಿರುವುದಿಲ್ಲ, ಶಬ್ದವನ್ನೂ ಮಾಡುವುದಿಲ್ಲ; ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಶಾಫ್ಟಿನ ಆ ತುದಿ ತನ್ನ ನಡುವನ್ನು ಬಿಟ್ಟು ಪಕ್ಕಕ್ಕೆ ಸರಿದು ತಿರುಗುತ್ತದೆ. ಶಾಫ್ಟಿನ ತೂಕ 6 ಕಿಲೋ ಎಂದುಕೊಂಡರೆ ಒಂದು ತುದಿಗೆ ಬರುವ ಪಾಲು 3 ಕಿಲೋ. ಅದು ಒಂದು ಮಿ.ಮೀ.ನ ಹತ್ತನೇ ಒಂದು ಭಾಗ ಸರಿದರೂ, 64 ಮಿ.ಮೀ. ವ್ಯಾಸದ ಕೊಳವೆಯ ಹೊರಮೈಗೆ 9-10 ಗ್ರಾಂ ತೂಕ ಅಂಟಿಸಿದಷ್ಟೇ ಅಸಮತೋಲ ಹುಟ್ಟುತ್ತದೆ. ಸೆಕೆಂಡಿಗೆ 50 ಸುತ್ತಿನಲ್ಲಿ ಅದು ಸುಮಾರು 3 ಕಿಲೋ ಭಾರದಷ್ಟು ಬಲದಿಂದ ಪ್ರತಿ ಸುತ್ತಿಗೂ ಗೇರ್‌ಬಾಕ್ಸಿನ ಬಾಲವನ್ನು ಜಗ್ಗುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅರ್ಧ ವೇಗದಲ್ಲಿ ಅದರ ನಾಲ್ಕನೇ ಒಂದು ಪಾಲು ಮಾತ್ರ ಇರುತ್ತದೆ. ಪೇಟೆಯೊಳಗೆ ಓಡಿಸುವಾಗ ಗೊತ್ತೇ ಆಗದಿರುವುದು ಇದರಿಂದಲೇ. 100ರ ಬಳಿ ನಡುಕ ಇಳಿಯುತ್ತದೆ ಎಂದು ಬರೆದಿದ್ದೀರಿ. ಅಲ್ಲಿ ಬಲ ಕಡಿಮೆಯಾಗಿರುವುದಿಲ್ಲ. ಗೇರ್‌ಬಾಕ್ಸ್, ಅದರ ರಬ್ಬರ್ ಮೌಂಟಿಂಗ್, ಗಾಡಿಯ ನೆಲ ಇವೆಲ್ಲ ಸೇರಿ 85ರ ಬಳಿ ಅನುರಣಿಸುತ್ತಿದ್ದವು, ಅದನ್ನು ದಾಟಿದ್ದೀರಿ ಅಷ್ಟೇ.

ಪರೀಕ್ಷೆ ಹೀಗೆ ಮಾಡಿ. ಸ್ಟ್ಯಾಂಡ್‌ಗಳನ್ನು ಗಾಡಿಯ ಮೈಗಲ್ಲ, ಆಕ್ಸಲ್‌ಗೇ ಕೊಟ್ಟು ಹಿಂದಿನ ಚಕ್ರಗಳನ್ನು ಎತ್ತಿ, ಮುಂದಿನ ಚಕ್ರಗಳಿಗೆ ಅಡ್ಡೆ ಇಟ್ಟು, ಎಂಜಿನ್ ಆರಿಸಿ ಗೇರನ್ನು ನ್ಯೂಟ್ರಲ್‌ನಲ್ಲಿಡಿ. ಡಯಲ್ ಗೇಜನ್ನು (ಸಣ್ಣ ಸರಿತವನ್ನು ಮುಳ್ಳಿನಿಂದ ತೋರುವ ಮಾಪಕ) ಕೊಳವೆಯ ಮುಂದಿನ ತುದಿ, ನಡು, ಹಿಂದಿನ ತುದಿ ಮೂರು ಕಡೆಯೂ ಇಟ್ಟು ಶಾಫ್ಟನ್ನು ಕೈಯಿಂದ ತಿರುಗಿಸಿ. ತುಕ್ಕು, ಡಾಂಬರು ಕೆರೆದು ತೆಗೆಯದೆ ಓದಬೇಡಿ. ಗೇಜ್ ತೋರುವ ಒಟ್ಟು ಓಟದ ಅರ್ಧವೇ ನಿಜವಾದ ಸರಿತ ಎಂಬುದು ನೆನಪಿರಲಿ. ನಡುವೆ ಮಾತ್ರ ಹೆಚ್ಚು ಓಡಿದರೆ ಕೊಳವೆ ಬಾಗಿದೆ. ಒಂದು ತುದಿಯಲ್ಲಿ ಹೆಚ್ಚು ಓಡಿದರೆ ಆ ತುದಿಯ ಜಾಯಿಂಟನ್ನು ನೋಡಿ. ಹಾಗೆಯೇ ಕೊಳವೆಯ ಮೇಲೆ ಸಣ್ಣ ಆಯತಾಕಾರದ ತಗಡು ಕಿತ್ತುಹೋದ ವೆಲ್ಡಿನ ಗುರುತು ಇದೆಯೇ ಎಂದು ಹುಡುಕಿ. ಬ್ಯಾಲೆನ್ಸ್ ತೂಕ ಉದುರಿರುವ ಗುರುತು ಅದು.

ಆಮೇಲೆ ಹಿಂದಿನ ಫ್ಲ್ಯಾಂಜಿನ ನಾಲ್ಕು ಬೋಲ್ಟ್ ಬಿಚ್ಚಿ, ಶಾಫ್ಟನ್ನು ಪಿನಿಯನ್ ಫ್ಲ್ಯಾಂಜಿಗೆ 180 ಡಿಗ್ರಿ ತಿರುಗಿಸಿ ಬಿಗಿದು ಓಡಿಸಿ ನೋಡಿ. ನಡುಕದ ಬಲ ಗಮನಾರ್ಹವಾಗಿ ಬದಲಾದರೆ ಪಿನಿಯನ್ ಫ್ಲ್ಯಾಂಜಿನ ಓಟಕ್ಕೂ ಅದರಲ್ಲಿ ಪಾಲಿದೆ. ಬದಲಾಗದಿದ್ದರೆ ದೋಷ ಶಾಫ್ಟಿನ ಜೊತೆಗೇ ತಿರುಗುತ್ತಿದೆ. ಯಾವ ಕಾರಣಕ್ಕೂ ಪಿನಿಯನ್ನಿನ ದೊಡ್ಡ ನಟ್ಟನ್ನು ಸುಮ್ಮನೆ ಬಿಗಿ ಮಾಡಲು ಹೋಗಬೇಡಿ. ಬೇರಿಂಗಿನ ಮೊದಲೊತ್ತಡ (ಜೋಡಿಸುವಾಗಲೇ ಕೊಟ್ಟ ಬಿಗಿತ) ಕೆಟ್ಟು, ಇಲ್ಲದ ದೋಷವೊಂದು ಹುಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು. ಗಾಡಿಯನ್ನು ಸ್ಟ್ಯಾಂಡ್ ಮೇಲಿಟ್ಟು ಎಂಜಿನ್ನಿನಿಂದ ಶಾಫ್ಟನ್ನು ಓಡಿಸಿ, ಕೆಳಗೆ ಮಲಗಿ, ತಿರುಗುವ ಶಾಫ್ಟಿಗೆ ಸೀಮೆಸುಣ್ಣ ತಾಗಿಸಿ ಭಾರದ ಕಡೆಯನ್ನು ಗುರುತಿಸುವ ಹಳೆಯ ಪದ್ಧತಿಯೊಂದಿದೆ. ಯಾರಾದರೂ ಅದನ್ನು ಸೂಚಿಸಿದರೆ ಕೇಳಬೇಡಿ. ಅಷ್ಟೇ ಮಾಹಿತಿಯನ್ನು ಹೋಸ್ ಕ್ಲಿಪ್ (ರಬ್ಬರ್ ಕೊಳವೆ ಬಿಗಿಯುವ ಸ್ಕ್ರೂ ಪಟ್ಟಿ) ಅಪಾಯವಿಲ್ಲದೆ ಕೊಡುತ್ತದೆ. ಕೊಳವೆಯ ತುದಿಯ ಸುತ್ತ ನಾಲ್ಕು ಗುರುತು ಹಾಕಿ, ಒಂದು ಕ್ಲಿಪ್ ಬಿಗಿದು, ಅದರ ಸ್ಕ್ರೂ ತಲೆಯನ್ನು ಒಂದೊಂದು ಗುರುತಿಗೆ ತಂದು ರಸ್ತೆಯಲ್ಲಿ ಓಡಿಸಿ. ನಡುಕ ಅತಿ ಕಡಿಮೆಯಾಗುವ ಜಾಗವೇ ಹಗುರವಾದ ಬದಿ.

ಹಳೆಯ ಸೆಡಾನ್

ಇಷ್ಟು ಸವಿವರವಾಗಿ ಬರೆದ ಎಲ್ಲರಿಗೂ ವಂದನೆಗಳು. ಕಂಡದ್ದನ್ನು ಕ್ರಮವಾಗಿ ಹೇಳುತ್ತೇನೆ.

ಟಾಪ್ ಗೇರಿನಲ್ಲಿ 85ರ ವೇಗದಲ್ಲಿ ಫೋನಿನ ಗ್ರಾಫ್ ತೋರಿದ ದೊಡ್ಡ ಶಿಖರ 50ರ ಆಸುಪಾಸಿನದು. 12ರ ಬಳಿ ತೀರ ಸಣ್ಣದೊಂದು, 100ರ ಬಳಿ ಅದಕ್ಕಿಂತ ತುಸು ದೊಡ್ಡದೊಂದು ಇವೆ. ಮೂರನೆಯ ಗೇರಿನಲ್ಲಿ 70ರ ಬಳಿ ಎಂಜಿನ್ನಿನ ಸಣ್ಣ ಗುರುತು ಬೇರೆಯಾಗಿ ಕಾಣಿಸಿತು, 50ರ ಶಿಖರ ಅಲುಗಲಿಲ್ಲ. ನ್ಯೂಟ್ರಲ್‌ನಲ್ಲಿ ಇಳಿಯುವಾಗಲೂ ಅದು ಅಷ್ಟೇ ಎತ್ತರದಲ್ಲಿತ್ತು. 100ರದು ಮಾತ್ರ ಬಹಳ ಮಟ್ಟಿಗೆ ಕುಗ್ಗಿತು. ನಿಂತ ಗಾಡಿಯಲ್ಲಿ ಎಂಜಿನ್ ಏರಿಸಿದಾಗ ನಡುಕವಿಲ್ಲ.

ಸ್ಪ್ಲೈನಿನ ಬಾಣಗಳು ಸರಿಯಾಗಿ ಎದುರುಬದುರಾಗಿವೆ. ಹಿಂದಿನ ಫ್ಲ್ಯಾಂಜನ್ನು 180 ಡಿಗ್ರಿ ತಿರುಗಿಸಿದರೂ ಹೇಳಿಕೊಳ್ಳುವ ಬದಲಾವಣೆ ಆಗಲಿಲ್ಲ. ಡಯಲ್ ಗೇಜ್ ಕೊಳವೆಯ ಹಿಂದಿನ ತುದಿಯಲ್ಲಿ 0.08 ಮಿ.ಮೀ., ಮುಂದಿನ ತುದಿಯಲ್ಲಿ 0.3 ಮಿ.ಮೀ. ತೋರಿಸುತ್ತದೆ, ನಡುವಿನದು ಇವೆರಡರ ಮಧ್ಯೆ ಇದೆ. ಓರೆಗಳ ಅಳತೆ: ಗೇರ್‌ಬಾಕ್ಸ್ ಹಿಂದಕ್ಕೆ 2.5 ಡಿಗ್ರಿ ಇಳಿಜಾರು, ಶಾಫ್ಟ್ 6.5 ಡಿಗ್ರಿ ಇಳಿಜಾರು, ಪಿನಿಯನ್ ಮೂತಿ 4.5 ಡಿಗ್ರಿ ಮೇಲ್ಮುಖ.

ತಿರುಗುಲೆಕ್ಕ

ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಗಾಡಿ ಕೊಡಲಾರದು. ಎಂಜಿನ್, ಕ್ಲಚ್, ಚಕ್ರ ಮೂರೂ ಹೊರಗೆ. ಮುಖ್ಯ ದೋಷ ಶಾಫ್ಟಿನ ಮುಂದಿನ ತುದಿಯಲ್ಲಿದೆ. ಎಳೆತ ಬಿಟ್ಟಾಗ ಕುಗ್ಗುವ 100ರ ಶಿಖರ ಎಲೆಸ್ಪ್ರಿಂಗ್ ಅವರು ಹೇಳಿದ ಕೋನದ್ದು, ಆದರೆ ಅದು ಎರಡನೆಯ ಸಾಲಿನ ಸಮಸ್ಯೆ. ನಿಮ್ಮ ಅಳತೆಯ ಪ್ರಕಾರ ಮುಂದಿನ ಜಾಯಿಂಟಿನ ಕೋನ 4 ಡಿಗ್ರಿ, ಹಿಂದಿನದು 2 ಡಿಗ್ರಿ.

ಗ್ರೀಸ್ ಕೈ

ಶಾಫ್ಟನ್ನು ಇಳಿಸುವ ಮೊದಲು ಫ್ಲ್ಯಾಂಜ್, ಯೋಕ್, ಸ್ಪ್ಲೈನ್ ಎಲ್ಲದಕ್ಕೂ ಬಣ್ಣದ ಗುರುತು ಹಾಕಿ. ಇಳಿಸಿದ ಮೇಲೆ ಮುಂದಿನ ಜಾಯಿಂಟಿನ ನಾಲ್ಕೂ ಸರ್ಕ್ಲಿಪ್‌ಗಳನ್ನು ತೆಗೆದು, ಯಾವುದು ಯಾವ ಬದಿಯದು ಎಂದು ಬರೆದಿಟ್ಟುಕೊಂಡು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಸರ್ಕ್ಲಿಪ್ ಕೂರುವ ಕಚ್ಚುಗಳಲ್ಲಿ ತುಕ್ಕಾಗಲಿ ಬಣ್ಣವಾಗಲಿ ಉಳಿದಿದ್ದರೆ ಕೆರೆದು ತೆಗೆಯಿರಿ. ಎದುರುಬದುರಿನ ಎರಡರ ದಪ್ಪವೂ ಒಂದೇ ಆಗಿರಬೇಕು, ಕೂಡಿಸಿದ ಮೇಲೆ ಕ್ರಾಸ್ ಉದ್ದಕ್ಕೆ ಆಡಬಾರದು, ಹಾಗೆಂದು ಬಿಗಿದು ಹಿಡಿಯಲೂ ಬಾರದು. ರೋಲರ್‌ಗಳಿರುವ ಕಪ್‌ಗಳನ್ನು ಒತ್ತಿ ಕೂರಿಸಿದ ಬಳಿಕ ಯೋಕ್‌ನ ಕಿವಿಗೆ ಮೆದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕಪ್ ಹಿಂದೆ ಸರಿದು ಸರ್ಕ್ಲಿಪ್‌ಗೆ ತಾಗಿ ಕೂರುತ್ತದೆ, ಜಾಯಿಂಟ್ ಸಲೀಸಾಗಿ ಆಡತೊಡಗುತ್ತದೆ.

ಹಳೆಯ ಸೆಡಾನ್

ಶಾಫ್ಟಿನ ಕಡೆಯ ಯೋಕ್‌ನಲ್ಲಿ ಒಂದು ಸರ್ಕ್ಲಿಪ್ 1.5 ಮಿ.ಮೀ., ಎದುರಿನದು 1.8 ಮಿ.ಮೀ. ಇತ್ತು, ಎರಡು ಬೇರೆ ಬೇರೆ ಕಿಟ್‌ಗಳವು ಬೆರೆತಂತೆ ಕಾಣುತ್ತದೆ. ಒಟ್ಟು ದಪ್ಪ ಬದಲಾಗದಂತೆ ಎರಡೂ ಬದಿಗೆ 1.65ರ ಸರ್ಕ್ಲಿಪ್ ಹಾಕಿಸಿದೆ. ಈಗ ಮುಂದಿನ ತುದಿಯಲ್ಲೂ ಗೇಜಿನ ಓಟ 0.1 ಮಿ.ಮೀ. ದಾಟುವುದಿಲ್ಲ. 85ರಲ್ಲಿ ಕನ್ನಡಿ ಸ್ಪಷ್ಟವಾಗಿದೆ, ಫೋನಿನಲ್ಲಿ 50ರ ಶಿಖರ 12ರದರ ಮಟ್ಟಕ್ಕೆ ಇಳಿದಿದೆ. ಹೊರಡುವಾಗಿನ ಅದುರುವಿಕೆ ಮಾತ್ರ ಹಾಗೆಯೇ ಉಳಿದಿದೆ. ಪಿನಿಯನ್ ಕೋನ ಸರಿಪಡಿಸಲು ಈಗಲೇ ಬೆಣೆ ಹಾಕಿಸಬೇಕೇ?

ಎಲೆಸ್ಪ್ರಿಂಗ್

ಈಗಲೇ ಬೇಡ. ಮೊದಲು ಹೊರಡುವಾಗಿನ ಅದುರುವಿಕೆ ಕ್ಲಚ್ಚಿನದೋ ಕೋನದ್ದೋ ಎಂದು ಬೇರ್ಪಡಿಸಿಕೊಳ್ಳಿ. ಪೆಡಲ್ ಅರ್ಧ ಬಿಟ್ಟು ಕ್ಲಚ್ ಜಾರುತ್ತಿರುವಾಗ ಮಾತ್ರ ಅದುರಿ, ಪೂರ್ತಿ ಬಿಟ್ಟ ಕೂಡಲೇ ನಿಂತರೆ ಅದು ಕ್ಲಚ್ ಪ್ಲೇಟಿಗೆ ಎಣ್ಣೆ ತಗುಲಿದ್ದರಿಂದಲೋ ಎಂಜಿನ್ ಮೌಂಟಿಂಗ್ ಸೋತದ್ದರಿಂದಲೋ ಬಂದದ್ದು. ಪೆಡಲ್ ಪೂರ್ತಿ ಬಿಟ್ಟ ಮೇಲೂ 15-20 ಕಿ.ಮೀ. ವೇಗದಲ್ಲಿ ಜೋರಾಗಿ ಎಳೆಸಿದಾಗ ಸೆಕೆಂಡಿಗೆ 20ರ ಆಸುಪಾಸಿನ ಅದುರುವಿಕೆ ಬಂದರೆ ಅದು ಕೋನದ್ದು. ಆ ವೇಗದಲ್ಲಿ ಶಾಫ್ಟ್ ಸುಮಾರು 10 ಸುತ್ತು ತಿರುಗುತ್ತದೆ, ಅದರ ಎರಡರಷ್ಟು.

ಕೋನದ್ದೇ ಆಗಿದ್ದರೂ ಹೊಸ ಕಮಾನಿನ ಸ್ಪ್ರಿಂಗ್‌ಗಳು ಓಡಾಟದಲ್ಲಿ ಸ್ವಲ್ಪ ಕುಳಿತೇ ಕುಳಿತುಕೊಳ್ಳುತ್ತವೆ. ಹಿಂಭಾಗ ಇಳಿದಂತೆ ಶಾಫ್ಟಿನ ಇಳಿಜಾರು ಕಡಿಮೆಯಾಗಿ, ಗೇರ್‌ಬಾಕ್ಸಿನ ಇಳಿಜಾರು ತುಸು ಹೆಚ್ಚಾಗಿ, ಮುಂದಿನ ಜಾಯಿಂಟಿನ 4 ಡಿಗ್ರಿ ತಾನಾಗಿ 3ರ ಕಡೆಗೆ ಬರಬಹುದು. ಅಷ್ಟರಲ್ಲಿ ಗೇರ್‌ಬಾಕ್ಸ್ ಮೌಂಟಿಂಗಿನ ಎತ್ತರವನ್ನೂ ನೋಡಿ. ದಪ್ಪ ಹೆಚ್ಚಿರುವ ಮೌಂಟಿಂಗ್ ಕೂತಿದ್ದರೆ ಬಾಲ ಮೇಲೆದ್ದು ಇದೇ ತೊಂದರೆ ಕೊಡುತ್ತದೆ. ಸ್ಪ್ರಿಂಗ್ ಕುಳಿತ ಮೇಲೆ, ನೀವು ಸಾಮಾನ್ಯವಾಗಿ ಎಷ್ಟು ಜನ ಕೂತು ಓಡಿಸುತ್ತೀರೋ ಅಷ್ಟು ಜನರನ್ನು ಕೂರಿಸಿ ಮತ್ತೆ ಅಳೆಯಿರಿ. ಲೀಫ್ ಸ್ಪ್ರಿಂಗ್ ಗಾಡಿ ಎಳೆಯುವಾಗ ಪಿನಿಯನ್ ಮೂತಿ ಇನ್ನಷ್ಟು ಮೇಲೇಳುವುದರಿಂದ, ನಿಂತಾಗ ಅದು ಗೇರ್‌ಬಾಕ್ಸಿಗೆ ಸಮಾಂತರವಾಗಿರುವುದಕ್ಕಿಂತ ಒಂದೆರಡು ಡಿಗ್ರಿ ಕೆಳಗಿರುವುದೇ ಮೇಲು. ನಿಮ್ಮದು ಈಗ 2 ಡಿಗ್ರಿ ಮೇಲಿದೆ. ಆಗಲೂ ಮೇಲೆಯೇ ಇದ್ದರೆ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬೆಣೆ ಹಾಕಿಸಿ. ಮೂತಿಯನ್ನು ಇಳಿಸಬೇಕಾಗಿರುವುದರಿಂದ, ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದ್ದರೆ ಬೆಣೆಯ ದಪ್ಪ ಬದಿ ಹಿಂದಕ್ಕೆ, ಮೇಲಿದ್ದರೆ ಮುಂದಕ್ಕೆ ಬರಬೇಕು. ಎರಡೂ ಕಡೆ ಒಂದೇ ಕೋನದ ಉಕ್ಕಿನ ಬೆಣೆಯಿರಲಿ, ಮೆದು ಲೋಹದ್ದು ಒತ್ತಡಕ್ಕೆ ಜಜ್ಜಿಹೋಗಿ ಯು-ಬೋಲ್ಟ್ ಸಡಿಲವಾಗುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಆ ಬೋಲ್ಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ವ್ರೆಂಚಿನಿಂದ ಬಿಗಿದುಕೊಳ್ಳಿ.